ಕ್ಯಾಮೆರಾ ಕೈಕೊಡುವ ಹೊತ್ತು ಯಾವುದು?

ಊರಿನ ಮನೆಯಲ್ಲಿ ವಯಸ್ಸಾದ ಅಪ್ಪ-ಅಮ್ಮ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಜಗಲಿಯ ಮೂಲೆಯಲ್ಲಿ ಒಂದು ವೈ-ಫೈ ಕ್ಯಾಮೆರಾ. ಹಾಕಿಸಿದ ಮೊದಲ ಕೆಲವು ವಾರ ಎಲ್ಲ ಸರಿಯಿರುತ್ತದೆ. ಆಮೇಲೆ ರಗಳೆ ಶುರು. ಆ್ಯಪ್ ತೆರೆದರೆ ಅಂಗಳದ ಬದಲು ಬೂದು ಪರದೆ, ಅದರ ಮೇಲೆ ‘ಆಫ್‌ಲೈನ್’ ಎಂಬ ಒಂದೇ ಸಾಲು. ದೂರದಿಂದ ಫೋನು ಬರುತ್ತದೆ: ‘ಅಪ್ಪಾ, ಅದನ್ನೊಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ.’ ಅಪ್ಪ ಸ್ಟೂಲ್ ಹತ್ತುತ್ತಾರೆ. ಚಿತ್ರ ಬರುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಮತ್ತೆ ಅದೇ ಕತೆ.

ಆಫ್ ಮಾಡಿ ಆನ್ ಮಾಡಿದರೆ ಕ್ಯಾಮೆರಾಕ್ಕೇನೂ ಹಾನಿಯಿಲ್ಲ. ಆದರೆ ಅದು ಕಾಣೆಯಾದಾಗ ನಿಜವಾಗಿ ಏನಾಗಿತ್ತು ಎಂಬ ಸುಳಿವೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಪದೇ ಪದೇ ಸಂಪರ್ಕ ಕಡಿದುಕೊಳ್ಳುವ ಕ್ಯಾಮೆರಾದ ವಿಷಯದಲ್ಲಿ ‘ಯಾಕೆ’ ಎಂದು ಕೇಳುವ ಮೊದಲು ‘ಯಾವಾಗ’ ಎಂದು ಕೇಳಬೇಕು. ಕತ್ತಲಾದ ಮೇಲೆ ಕೈಕೊಡುವ ಕ್ಯಾಮೆರಾದ ಕಾಯಿಲೆ ಬೇರೆ, ಕರೆಂಟ್ ಹೋಗಿ ಬಂದ ಮೇಲೆ ಕೈಕೊಡುವುದರದ್ದು ಬೇರೆ, ಸೀರಿಯಲ್ ಹೊತ್ತಿಗೆ ತಡವರಿಸುವುದರದ್ದು ಇನ್ನೂ ಬೇರೆ. ಹೊತ್ತು ಗೊತ್ತಾದರೆ ಅರ್ಧ ರಿಪೇರಿ ಮುಗಿದಂತೆ.

ಅದಕ್ಕೂ ಮುಂಚೆ ಚಿತ್ರ ಬರುವ ದಾರಿ ತಿಳಿದಿರಲಿ. ಕ್ಯಾಮೆರಾ ಕಂಡದ್ದು ವೈ-ಫೈ ಮೂಲಕ ರೌಟರಿಗೆ, ಅಲ್ಲಿಂದ ಗೋಡೆಯ ಮೇಲಿನ ಫೈಬರ್ ಡಬ್ಬಿಗೆ, ಅಲ್ಲಿಂದ ಇಂಟರ್ನೆಟ್ ಕಂಪನಿಯ ಜಾಲಕ್ಕೆ, ಮುಂದೆ ಕ್ಯಾಮೆರಾ ಕಂಪನಿಯ ಸರ್ವರಿಗೆ, ಕೊನೆಗೆ ನಿಮ್ಮ ಫೋನಿಗೆ ಬರುತ್ತದೆ. ಕೆಲವು ಸಲ ಸರ್ವರ್ ಬರೀ ಪರಿಚಯ ಮಾಡಿಸಿ ಪಕ್ಕಕ್ಕೆ ಸರಿಯುತ್ತದೆ, ವಿಡಿಯೊ ನೇರವಾಗಿ ಹರಿಯುತ್ತದೆ; ಆದರೂ ಆ ಪರಿಚಯವಿಲ್ಲದೆ ಕೆಲಸ ಸಾಗದು. ಇಷ್ಟು ಕೊಂಡಿಗಳಲ್ಲಿ ಯಾವುದು ಕಳಚಿದರೂ ಆ್ಯಪ್ ತೋರಿಸುವುದು ಅದೇ ಬೂದು ಪರದೆ.

ಹಾಗಾಗಿ ದಾರಿಯನ್ನು ನಡುವೆ ಸೀಳಿ ನೋಡಬೇಕು. ಕ್ಯಾಮೆರಾ ಕಾಣೆಯಾದಾಗ ಅದನ್ನು ಮುಟ್ಟದೆ, ಮನೆಯ ವೈ-ಫೈಯಲ್ಲೇ ಇರುವ ಫೋನಿನ ಬ್ರೌಸರಿನಿಂದ ರೌಟರಿನ ಪುಟ ತೆರೆಯಿರಿ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1, ರೌಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಸಂಪರ್ಕದಲ್ಲಿರುವ ಉಪಕರಣಗಳ ಪಟ್ಟಿಯಲ್ಲಿ ಕ್ಯಾಮೆರಾ ಇದ್ದರೆ ತೊಂದರೆ ರೌಟರಿನಿಂದ ಆಚೆಗಿದೆ: ಇಂಟರ್ನೆಟ್ ಹೋಗಿರಬಹುದು, ಕಂಪನಿಯ ಸರ್ವರ್ ಮಲಗಿರಬಹುದು, ಇಲ್ಲವೇ ನಿಮ್ಮ ಆ್ಯಪ್ ಹಳತಾಗಿರಬಹುದು. ಪಟ್ಟಿಯಲ್ಲಿ ಇಲ್ಲದಿದ್ದರೆ ತೊಂದರೆ ಈಚೆಗೇ ಇದೆ: ಕ್ಯಾಮೆರಾ, ಅದರ ವಿದ್ಯುತ್ತು ಅಥವಾ ವೈ-ಫೈ. ಕೆಲವು ರೌಟರುಗಳು ಹೊರಟುಹೋದವರ ಹೆಸರನ್ನೂ ಸ್ವಲ್ಪ ಹೊತ್ತು ಉಳಿಸಿಕೊಂಡಿರುತ್ತವೆ, ಆದ್ದರಿಂದ ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡುವುದು ಒಳ್ಳೆಯದು. ಕ್ಯಾಮೆರಾದ ಪುಟ್ಟ ದೀಪವನ್ನೂ ಗಮನಿಸಿ. ದೀಪವೇ ಇಲ್ಲದಿದ್ದರೆ ಮೊದಲು ವಿದ್ಯುತ್ತನ್ನು ನೋಡಿ. ಮಿನುಗುತ್ತಿದ್ದರೆ ಅದು ಸಾಮಾನ್ಯವಾಗಿ ವೈ-ಫೈಗಾಗಿ ಹುಡುಕಾಡುತ್ತಿದೆ. ಬಣ್ಣಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಡಬ್ಬಿಯೊಳಗಿನ ಕೈಪಿಡಿಯನ್ನು ಎಸೆಯಬೇಡಿ.

ಕತ್ತಲಾದೊಡನೆ

ಹಗಲೆಲ್ಲ ಚೆನ್ನಾಗಿದ್ದು ಸಂಜೆ ಕತ್ತಲಾಗುತ್ತಿದ್ದಂತೆ ಮಾಯವಾಗುವ ಕ್ಯಾಮೆರಾಗಳಿವೆ. ಬೆಳಗಾದರೆ ತಾನಾಗಿಯೇ ಮರಳುತ್ತವೆ. ಮನೆಯವರು ಇಂಟರ್ನೆಟ್ ಕಂಪನಿಯನ್ನು ಬಯ್ಯುತ್ತಾರೆ. ನಿಜವಾದ ಆರೋಪಿ ಬಹುಮಟ್ಟಿಗೆ ಅಡಾಪ್ಟರಿನಿಂದ ಕ್ಯಾಮೆರಾವರೆಗೆ ಎಳೆದ ತೆಳ್ಳನೆಯ ಯುಎಸ್‌ಬಿ ತಂತಿ.

ಕತ್ತಲಲ್ಲಿ ನೋಡಲು ಕ್ಯಾಮೆರಾ ತನ್ನ ಲೆನ್ಸಿನ ಸುತ್ತಲಿನ ಅವಕೆಂಪು ಎಲ್‌ಇಡಿಗಳನ್ನು ಹೊತ್ತಿಸುತ್ತದೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಹೆಚ್ಚೆಂದರೆ ಮಂದ ಕೆಂಪು ಚುಕ್ಕೆಗಳು. ಆದರೆ ಅದಕ್ಕೆ ಬೇಕಾದ ವಿದ್ಯುತ್ತು ಕಡಿಮೆಯೇನಲ್ಲ. ಇಂಥ ಕ್ಯಾಮೆರಾಗಳು ಸಾಮಾನ್ಯವಾಗಿ 5 ವೋಲ್ಟಿನಲ್ಲಿ ನಡೆಯುತ್ತವೆ. ಪ್ಲಗ್ ಹತ್ತಿರವಿಲ್ಲವೆಂದು ನಾವು ಮೂರು ಮೀಟರಿನ ಅಗ್ಗದ ಕೇಬಲ್ ತಂದು ಸಿಕ್ಕಿಸುತ್ತೇವೆ. ಇಂಥ ಕೇಬಲ್ಲುಗಳಲ್ಲಿ ಸಾಮಾನ್ಯವಾಗಿ ಕಾಣುವ 28 ಗೇಜಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.21 ಓಮ್ ಪ್ರತಿರೋಧವಿರುತ್ತದೆ. ಕರೆಂಟು ಹೋಗಿ ಬರಬೇಕಾದ್ದರಿಂದ ಲೆಕ್ಕಕ್ಕೆ ಬರುವುದು ಆರು ಮೀಟರ್, ಒಟ್ಟು 1.3 ಓಮಿನ ಆಸುಪಾಸು. ಕ್ಯಾಮೆರಾ 0.6 ಆಂಪಿಯರ್ ಎಳೆದರೆ ದಾರಿಯಲ್ಲೇ ಮುಕ್ಕಾಲು ವೋಲ್ಟು ಸೋರಿಹೋಗುತ್ತದೆ. 1 ಆಂಪಿಯರ್ ಎಳೆದರೆ 1.3 ವೋಲ್ಟು. ಹೊರಟಾಗ 5 ಇದ್ದದ್ದು ತಲುಪುವಾಗ 3.7 ಆಗಿದ್ದರೆ ಒಳಗಿನ ಚಿಪ್ ಎಡವಿ ಬೀಳುತ್ತದೆ, ಮತ್ತೆ ಏಳುತ್ತದೆ, ದೀಪ ಹೊತ್ತಿಸುತ್ತದೆ, ಮತ್ತೆ ಬೀಳುತ್ತದೆ. ಆ್ಯಪಿನಲ್ಲಿ ಕುಳಿತವರಿಗೆ ಅದು ವೈ-ಫೈ ತೊಂದರೆಯಂತೆ ಕಾಣುತ್ತದೆ. ತಲೆ ತಿರುಗಿಸುವ ಕ್ಯಾಮೆರಾ ತಿರುಗಿಸಿದಾಗೆಲ್ಲ ಕಡಿದುಹೋದರೂ ಕಾರಣ ಇದೇ. ಅಲ್ಲಿ ಹೆಚ್ಚುವರಿ ವಿದ್ಯುತ್ತು ಬೇಡುವುದು ಮೋಟಾರು.

ಪರೀಕ್ಷೆ ಸುಲಭ. ಆ್ಯಪಿನಲ್ಲಿ ರಾತ್ರಿ ನೋಟವನ್ನು ಒಂದು ರಾತ್ರಿ ಆಫ್ ಮಾಡಿಡಿ. ಚಿತ್ರ ಕಪ್ಪಾಗಿರುತ್ತದೆ, ಇರಲಿ. ಸಂಪರ್ಕ ಬೆಳಗಿನವರೆಗೂ ಉಳಿದರೆ ಕಳ್ಳ ಸಿಕ್ಕಿಬಿದ್ದ. ಪರಿಹಾರ: ಕ್ಯಾಮೆರಾ ಜೊತೆ ಬಂದ ಅಡಾಪ್ಟರ್ ಮತ್ತು ಗಿಡ್ಡ ತಂತಿಯನ್ನೇ ಬಳಸುವುದು, ದೂರ ಹೆಚ್ಚಿದ್ದರೆ 5 ವೋಲ್ಟಿನ ತಂತಿಯನ್ನು ಉದ್ದ ಮಾಡುವ ಬದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ 230 ವೋಲ್ಟಿನ ಲೈನನ್ನೇ ಕ್ಯಾಮೆರಾ ಬಳಿಗೆ ಒಯ್ದು ಅಲ್ಲೊಂದು ಪ್ಲಗ್ ಹಾಕಿಸುವುದು. ಟಿವಿಯ ಬೆನ್ನಲ್ಲಿರುವ ಯುಎಸ್‌ಬಿ ಕಿಂಡಿಯಿಂದ ಕ್ಯಾಮೆರಾ ನಡೆಸುವ ಜಾಣತನ ಬೇಡ. ಹಳೆಯ ಯುಎಸ್‌ಬಿ 2.0 ಕಿಂಡಿಯ ಮಿತಿ ಬರೀ ಅರ್ಧ ಆಂಪಿಯರ್.

ಕರೆಂಟ್ ಬಂದ ಮೇಲೆ

ಕರೆಂಟ್ ಹೋಗುತ್ತದೆ, ಬರುತ್ತದೆ, ಟಿವಿ ಬರುತ್ತದೆ, ಫೋನಿನಲ್ಲಿ ನೆಟ್ ಬರುತ್ತದೆ, ಕ್ಯಾಮೆರಾ ಮಾತ್ರ ಬರುವುದಿಲ್ಲ. ಇಲ್ಲಿ ಸಮಸ್ಯೆ ಎದ್ದೇಳುವ ಸರದಿಯದು. ಕ್ಯಾಮೆರಾ ಬೇಗ ಎದ್ದು ವೈ-ಫೈ ಹುಡುಕಲು ಶುರುಮಾಡುತ್ತದೆ. ಫೈಬರ್ ಡಬ್ಬಿಯೂ ರೌಟರೂ ಪೂರ್ತಿ ಸಜ್ಜಾಗಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಒಳ್ಳೆಯ ಕ್ಯಾಮೆರಾ ಬಿಡದೆ ಪ್ರಯತ್ನಿಸುತ್ತಿರುತ್ತದೆ. ಅಗ್ಗದ್ದು ಕೆಲವು ಸಲ ತಟ್ಟಿ ನೋಡಿ, ಬಾಗಿಲು ತೆರೆಯದಿದ್ದಾಗ ಸುಮ್ಮನಾಗಿಬಿಡುತ್ತದೆ. ಅದನ್ನು ಎಬ್ಬಿಸಲು ಮತ್ತೆ ಸ್ಟೂಲ್ ಹತ್ತಬೇಕು.

ಇನ್ವರ್ಟರ್ ಇರುವ ಮನೆಯಲ್ಲೂ ಇದು ತಪ್ಪಿದ್ದಲ್ಲ. ಲೈನಿನಿಂದ ಬ್ಯಾಟರಿಗೆ ಹೊರಳುವಾಗಿನ ಕ್ಷಣಾರ್ಧದಲ್ಲಿ ರೌಟರ್ ಆರಿ ಹೊತ್ತಿಕೊಳ್ಳುತ್ತದೆ, ಕ್ಯಾಮೆರಾ ಆರುವುದಿಲ್ಲ. ಅಥವಾ ಇದು ತಿರುವುಮುರುವು. ಬಹಳಷ್ಟು ಇನ್ವರ್ಟರುಗಳ ಹಿಂಬದಿಯಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಎರಡು ಸ್ಥಾನಗಳ ಸ್ವಿಚ್ಚಿರುತ್ತದೆ. ಯುಪಿಎಸ್ ಸ್ಥಾನದಲ್ಲಿ ಹೊರಳುವಿಕೆ ಚುರುಕು. ಕೆಲವು ಮನೆಗಳಲ್ಲಿ ರೌಟರಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿದ್ದು ಫೈಬರ್ ಡಬ್ಬಿಯದು ಇರುವುದಿಲ್ಲ. ಆಗ ವೈ-ಫೈ ಚಿಹ್ನೆ ಪೂರ್ತಿ ಕಾಣುತ್ತದೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ. ಎರಡನ್ನೂ ಒಂದೇ ಲೈನಿಗೆ ಹಾಕಬೇಕು. ಇನ್ವರ್ಟರ್ ಇಲ್ಲದವರಿಗೆ ಅಂಗೈಯಗಲದ ರೌಟರ್ ಯುಪಿಎಸ್‌ಗಳು ಸಿಗುತ್ತವೆ. ಬಹುತೇಕ ರೌಟರುಗಳು 12 ವೋಲ್ಟಿನವು, ಕೆಲವು 9ರವು. ಅಡಾಪ್ಟರಿನ ಮೇಲೆ ಬರೆದ ವೋಲ್ಟು, ಆಂಪಿಯರ್ ಎರಡನ್ನೂ ಹೊಂದಿಸಿಕೊಂಡೇ ಕೊಳ್ಳಬೇಕು.

ಕರೆಂಟ್ ಬಂದ ಮೇಲಿನ ಇನ್ನೊಂದು ಕಾರಣ ವಿದೇಶದಿಂದ ಸೂಟ್‌ಕೇಸಿನಲ್ಲಿ ಬಂದ ಕ್ಯಾಮೆರಾಗಳಿಗೆ ಸೇರಿದ್ದು. 2.4 ಗಿಗಾಹರ್ಟ್ಸ್ ವೈ-ಫೈಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳು ಬಳಕೆಯಲ್ಲಿವೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಉಪಕರಣಗಳು ಸಾಮಾನ್ಯವಾಗಿ 11ರವರೆಗೆ ಮಾತ್ರ ನೋಡುತ್ತವೆ. ರೌಟರಿನ ಚಾನೆಲ್ ‘ಆಟೊ’ದಲ್ಲಿದ್ದರೆ ಪ್ರತಿ ಸಲ ಎದ್ದಾಗಲೂ ಅದು ತನಗೆ ಖಾಲಿ ಕಂಡ ಚಾನೆಲ್ ಹಿಡಿಯುತ್ತದೆ. ಇವತ್ತು 6 ಹಿಡಿದರೆ ಮಗ ಕಳಿಸಿದ ಕ್ಯಾಮೆರಾ ನಡೆಯುತ್ತದೆ. ನಾಳೆ 13 ಹಿಡಿದರೆ ಅದೇ ಕ್ಯಾಮೆರಾದ ಪಾಲಿಗೆ ಆ ಮನೆಯಲ್ಲಿ ವೈ-ಫೈಯೇ ಇಲ್ಲ. ಪಕ್ಕದಲ್ಲೇ ಇರುವ ಇಲ್ಲಿನ ಫೋನಿಗೆ ಎಲ್ಲ ಕಾಣುತ್ತಿರುವುದರಿಂದ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಚಾನೆಲ್ಲನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಸೀರಿಯಲ್ ಹೊತ್ತಿಗೆ

ರಾತ್ರಿ ಏಳರಿಂದ ಹತ್ತರವರೆಗೆ ತಡವರಿಸಿ, ಮಧ್ಯರಾತ್ರಿಯ ಮೇಲೆ ಸಲೀಸಾಗಿ ನಡೆಯುವ ಕ್ಯಾಮೆರಾ ಅಪಾರ್ಟ್‌ಮೆಂಟುಗಳ ಸ್ವತ್ತು. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತದಲ್ಲಿ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅದರ ಒಟ್ಟು ಅಗಲ 83.5 ಮೆಗಾಹರ್ಟ್ಸ್. ಒಂದು ವೈ-ಫೈ ಚಾನೆಲ್ ಕನಿಷ್ಠ 20 ಮೆಗಾಹರ್ಟ್ಸ್ ಜಾಗ ಬೇಡುತ್ತದೆ. ಹೆಸರಿಗೆ 13 ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಕೂರಿಸುವುದು ಮೂರನ್ನೇ: 1, 6, 11. ಬೆಂಗಳೂರಿನ ಒಂದು ಫ್ಲಾಟಿನಲ್ಲಿ ಕೂತು ಫೋನಿನಲ್ಲಿ ವೈ-ಫೈ ಪಟ್ಟಿ ತೆರೆದು ನೋಡಿ, ಮೇಲಿನವರದು, ಕೆಳಗಿನವರದು, ಎದುರು ಬ್ಲಾಕಿನವರದು ಎಲ್ಲ ಸಾಲುಗಟ್ಟಿರುತ್ತವೆ. ಅವೆಲ್ಲ ಈ ಮೂರು ಓಣಿಗಳಲ್ಲೇ ತೂರಬೇಕು. ಬ್ಲೂಟೂತ್ ಇದೇ ಪಟ್ಟಿಯಲ್ಲಿ ಓಡಾಡುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಕೆಲಸಮಾಡುತ್ತದೆ. ಅದರಿಂದ ಹೊರಗೆ ಸೋರುವ ಅತ್ಯಲ್ಪ ಅಂಶ ಮನುಷ್ಯರಿಗೆ ತೊಂದರೆ ಮಾಡದಿದ್ದರೂ ಪಕ್ಕದ ಕ್ಯಾಮೆರಾವನ್ನು ಕಂಗೆಡಿಸಲು ಸಾಕು. ಹಾಲು ಬಿಸಿಮಾಡಿದ ಎರಡು ನಿಮಿಷ ಮಾತ್ರ ಚಿತ್ರ ಕಡಿದುಹೋದರೆ ಬೇರೆ ಸಾಕ್ಷಿ ಬೇಕಿಲ್ಲ.

ವೈ-ಫೈಗೆ ಒಂದು ಶಿಸ್ತಿದೆ: ಮಾತಾಡುವ ಮೊದಲು ಕೇಳಿಸಿಕೊಳ್ಳಬೇಕು, ಬೇರೆ ಯಾರೋ ಮಾತಾಡುತ್ತಿದ್ದರೆ ಕಾಯಬೇಕು. ಗದ್ದಲ ಹೆಚ್ಚಾದಂತೆ ಕಾಯುವಿಕೆ ಹೆಚ್ಚುತ್ತದೆ, ಸಂದೇಶಗಳು ಕಳೆದುಹೋಗುತ್ತವೆ, ಸರ್ವರಿಗೆ ಹೊತ್ತುಹೊತ್ತಿಗೆ ‘ಇದ್ದೇನೆ’ ಎಂದು ಹೇಳಬೇಕಾದ ಕ್ಯಾಮೆರಾ ಹೇಳಲಾಗದೆ ಗೈರುಹಾಜರಿ ಹಾಕಿಸಿಕೊಳ್ಳುತ್ತದೆ. ಪರಿಹಾರವೆಂದರೆ, ವೈ-ಫೈ ಅಳೆಯುವ ಉಚಿತ ಆ್ಯಪ್ ಒಂದನ್ನು ಹಾಕಿಕೊಂಡು ಮೂರರಲ್ಲಿ ಯಾವ ಚಾನೆಲ್ ಕಡಿಮೆ ಗದ್ದಲದ್ದು ಎಂದು ನೋಡುವುದು, ರೌಟರಿನಲ್ಲಿ ಅದನ್ನೇ ಆರಿಸುವುದು, 2.4ರ ಚಾನೆಲ್ ಅಗಲವನ್ನು 40ರಿಂದ 20ಕ್ಕೆ ಇಳಿಸುವುದು. 3 ಅಥವಾ 4 ಖಾಲಿ ಕಂಡಿತೆಂದು ಅಲ್ಲಿ ಹೋಗಿ ಕೂತರೆ ಎರಡೂ ಕಡೆಯವರ ಗದ್ದಲ ಕೇಳಿಸಿಕೊಳ್ಳಬೇಕಾಗುತ್ತದೆ. ಮನೆಯ ಟಿವಿ, ಲ್ಯಾಪ್‌ಟಾಪ್, ಫೋನುಗಳನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿಬಿಡಿ. ಅಗ್ಗದ ಕ್ಯಾಮೆರಾಗಳಿಗೆ ಹೆಚ್ಚಾಗಿ ಆ ಸೌಲಭ್ಯವಿರುವುದಿಲ್ಲ, 2.4 ಅವುಗಳಿಗೇ ಮೀಸಲಾಗಿರಲಿ.

ಇಂಟರ್ನೆಟ್ ವೇಗದ ಬಗ್ಗೆ ಒಂದು ಮಾತು. ಸಿನಿಮಾ ನೋಡುವಾಗ ನಾವು ಬಳಸುವುದು ಇಳಿವೇಗ, ಕ್ಯಾಮೆರಾ ಬಳಸುವುದು ಏರುವೇಗ. ಪೂರ್ಣ ಎಚ್‌ಡಿ ಕ್ಯಾಮೆರಾ ಒಂದಕ್ಕೆ ಸೆಕೆಂಡಿಗೆ 1ರಿಂದ 2 ಮೆಗಾಬಿಟ್ ಸಾಕಾಗುತ್ತದೆ. ಇಂದಿನ ಫೈಬರಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಹಳ್ಳಿಯಲ್ಲಿ ಮೊಬೈಲ್ ಸಿಮ್ಮಿನ ಡಾಂಗಲ್ ಮೇಲೆ ನಾಲ್ಕು ಕ್ಯಾಮೆರಾ ನಡೆಸುವವರಿಗೆ ಅದೇ ದೊಡ್ಡ ಹೊರೆ. ಅಂಥಲ್ಲಿ ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ, ಎಚ್.265 ಸಂಕೋಚನ ಇದ್ದರೆ ಅದನ್ನು ಆರಿಸಿ. ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದ್ದರೆ ಮೊದಲು ಅದನ್ನು ಒರೆಸಿ. ರಾತ್ರಿ ಅವಕೆಂಪು ಬೆಳಕಿನಲ್ಲಿ ಬಲೆ ಬೆಳಗುತ್ತದೆ, ಗಾಳಿಗೆ ಅಲುಗುತ್ತದೆ, ಕ್ಯಾಮೆರಾ ಅದನ್ನು ಚಲನೆಯೆಂದು ತಿಳಿದು ಬೆಳಗಿನವರೆಗೂ ತುಣುಕುಗಳನ್ನು ಕಳಿಸುತ್ತಲೇ ಇರುತ್ತದೆ.

ಗಡಿಯಾರ ನೋಡಿಕೊಂಡು

ದಿನಕ್ಕೊಮ್ಮೆ, ಹೆಚ್ಚೂಕಡಿಮೆ ಒಂದೇ ಹೊತ್ತಿಗೆ ಕಡಿದುಹೋಗುವ ಕ್ಯಾಮೆರಾವನ್ನು ಕಂಡರೆ ವಿಳಾಸದ ಜಗಳವೆಂದು ಅನುಮಾನಿಸಿ. ಮನೆಯ ಪ್ರತಿ ಉಪಕರಣಕ್ಕೂ ರೌಟರ್ ಒಂದು ಐಪಿ ವಿಳಾಸವನ್ನು ಗೇಣಿಗೆ ಕೊಡುತ್ತದೆ, ಅವಧಿ ಮುಗಿದಾಗ ನವೀಕರಿಸುತ್ತದೆ; ಜಗಳ ಏಳುವುದು ಹೆಚ್ಚಾಗಿ ಆ ಹೊತ್ತಿಗೇ. ಕ್ಯಾಮೆರಾ ಕೂರಿಸಿದವರು ಅದಕ್ಕೆ 192.168.1.10 ಎಂದು ಕೈಯಾರೆ ಬರೆದು ಹೋಗಿರುತ್ತಾರೆ. ರೌಟರಿಗೆ ಆ ಸುದ್ದಿ ಗೊತ್ತಿರುವುದಿಲ್ಲ. ಹಬ್ಬಕ್ಕೆ ಬಂದ ನೆಂಟರ ಫೋನಿಗೆ ಅದು ಅದೇ ವಿಳಾಸ ಕೊಡುತ್ತದೆ. ನೆಂಟರು ಇರುವಷ್ಟು ಹೊತ್ತು ಕ್ಯಾಮೆರಾ ಬಂದುಹೋಗಿ ಮಾಡುತ್ತದೆ. ಪರಿಹಾರ ರೌಟರಿನಲ್ಲೇ ಇದೆ: ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಕ್ಯಾಮೆರಾದ ಮ್ಯಾಕ್ ವಿಳಾಸ, ಅಂದರೆ ಅದರ ಯಂತ್ರಗುರುತು, ಹುಡುಕಿ ಅದಕ್ಕೊಂದು ಐಪಿಯನ್ನು ಕಾಯಂ ಮಾಡಿ, ಕ್ಯಾಮೆರಾದಲ್ಲಿ ‘ತಾನಾಗಿ ಪಡೆ’ ಎಂದು ಬಿಡಿ.

ಹೊಸ ರೌಟರ್ ಬಂದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಇನ್ನೆರಡು ಕಡೆ ನೋಡಬೇಕು. ಈಗಿನ ರೌಟರುಗಳು 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟು ಉಪಕರಣಗಳನ್ನು ಅತ್ತಿಂದಿತ್ತ ತಳ್ಳುತ್ತವೆ. ಫೋನಿಗೆ ಅದು ಅನುಕೂಲ. 5 ಎಂದರೇನೆಂದು ತಿಳಿಯದ ಕ್ಯಾಮೆರಾ ಆ ತಳ್ಳಾಟದಲ್ಲಿ ಬೀದಿಪಾಲಾಗುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಎರಡನೆಯದು ಪಾಸ್‌ವರ್ಡ್ ಭದ್ರತೆಯ ಬಗೆ. ರೌಟರಿನಲ್ಲಿ ಡಬ್ಲ್ಯುಪಿಎ3 ಮಾತ್ರ ಇದ್ದರೆ ಹಳೆಯ ಕ್ಯಾಮೆರಾಗಳು ಒಳಗೆ ಬರಲಾರವು, ಡಬ್ಲ್ಯುಪಿಎ2ಕ್ಕೆ ಬದಲಿಸಿ. ಇನ್ನು ರೌಟರ್ ಬದಲಿಸುವವರು ಹೊಸದಕ್ಕೂ ಹಳೆಯ ವೈ-ಫೈ ಹೆಸರನ್ನೇ, ಹಳೆಯ ಪಾಸ್‌ವರ್ಡನ್ನೇ, ಅಕ್ಷರವೂ ತಪ್ಪದಂತೆ ಇಟ್ಟರೆ ಒಂದೊಂದೇ ಕ್ಯಾಮೆರಾ ಇಳಿಸಿ ಮತ್ತೆ ಜೋಡಿಸುವ ಕೆಲಸ ಬಹುತೇಕ ಉಳಿಯುತ್ತದೆ.

ಮಳೆ ಬಂದರೆ, ಗೋಡೆ ಅಡ್ಡ ಬಂದರೆ

ಮಳೆಗಾಲದಲ್ಲಿ ಕ್ಯಾಮೆರಾ ಕೈಕೊಟ್ಟರೆ ‘ಮಳೆಗೆ ಸಿಗ್ನಲ್ ಸಿಗಲ್ಲ’ ಎನ್ನುವುದು ರೂಢಿ. ಮನೆಯಂಗಳದ ದೂರಕ್ಕೆ 2.4 ಗಿಗಾಹರ್ಟ್ಸ್ ಅಲೆಯನ್ನು ಬೀಳುವ ಹನಿಗಳು ಲೆಕ್ಕಕ್ಕೆ ಬರುವಷ್ಟು ತಡೆಯುವುದಿಲ್ಲ. ತಡೆಯುವುದು ನೀರು ಕುಡಿದ ಗೋಡೆ, ತೊಯ್ದ ಎಲೆಗಳ ಗುಂಪು. ಅದಕ್ಕಿಂತ ಹೆಚ್ಚಾಗಿ ಕೆಡಿಸುವುದು ಒಳಗೆ ಸೇರುವ ನೀರು. ಡಬ್ಬಿಯ ಮೇಲೆ ಧೂಳು-ನೀರು ತಡೆಯುವ ಗುರುತಾದ ಐಪಿ66 ಎಂದು ಬರೆದಿದ್ದರೆ ಅದು ಕ್ಯಾಮೆರಾದ ಮೈಗೆ ಹೇಳಿದ ಮಾತು. ಅದರ ಬಾಲದಲ್ಲಿ ಜೋತಾಡುವ ಜೋಡಣೆಗೆ ಅನ್ವಯಿಸದು. ಕರಾವಳಿಯ ಉಪ್ಪುಗಾಳಿಯಲ್ಲಿ ಆ ಜೋಡಣೆ ಹಸಿರುಗಟ್ಟಲು ಹೆಚ್ಚು ಕಾಲ ಬೇಡ. ಜೋಡಣೆಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗಿಡಿ. ತಂತಿ ಒಳಹೋಗುವ ಮುನ್ನ ಕೆಳಕ್ಕೊಂದು ಬಾಗು ಕೊಟ್ಟರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಹೊತ್ತುಗೊತ್ತಿಲ್ಲದೆ ಯಾವಾಗೆಂದರೆ ಆವಾಗ ಕಡಿದುಹೋಗುವುದಾದರೆ, ಅದು ಸಿಗ್ನಲ್ ಅಂಚಿನಲ್ಲಿರುವ ಲಕ್ಷಣ. ಕ್ಯಾಮೆರಾ ಆ್ಯಪಿನ ಸೆಟ್ಟಿಂಗಿನಲ್ಲಿ ಹುಡುಕಿದರೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಅದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ಮೈನಸ್ 50 ಇದ್ದರೆ ಸೊಗಸು, ಮೈನಸ್ 65 ಪರವಾಗಿಲ್ಲ, ಮೈನಸ್ 75 ದಾಟಿದರೆ ದೇವರೇ ಗತಿ. ಪ್ರತಿ 3 ಡಿಬಿ ಕುಸಿದಾಗ ಶಕ್ತಿ ಅರ್ಧವಾಗುತ್ತದೆ, 10 ಕುಸಿದರೆ ಹತ್ತರಲ್ಲೊಂದು ಪಾಲು. ಮರದ ಬಾಗಿಲು ಹೆಚ್ಚು ನುಂಗುವುದಿಲ್ಲ. ದಕ್ಷಿಣ ಕನ್ನಡದ ಮುರಕಲ್ಲಿನ ಗೋಡೆ, ಮಲೆನಾಡಿನ ದಪ್ಪ ಮಣ್ಣಿನ ಗೋಡೆ ನುಂಗುತ್ತವೆ. ಸರಳು ತುಂಬಿದ ಆರ್‌ಸಿಸಿ ತಾರಸಿ, ತಗಡಿನ ಶೀಟು, ನೀರು ತುಂಬಿದ ಸಿಂಟೆಕ್ಸ್ ಟ್ಯಾಂಕು ಎಲ್ಲಕ್ಕಿಂತ ಕೆಟ್ಟವು.

‘ಕ್ಯಾಮೆರಾ ಪಕ್ಕದಲ್ಲೇ ನಿಂತರೆ ನನ್ನ ಫೋನಿನಲ್ಲಿ ಫುಲ್ ಸಿಗ್ನಲ್ ಇದೆಯಲ್ಲ’ ಎಂಬ ವಾದ ಮೋಸದ್ದು. ಫೋನು ತೋರಿಸುವುದು ರೌಟರಿನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನು. ಸಭೆಯಲ್ಲಿ ಮೈಕ್ ಹಿಡಿದವರ ಮಾತು ಕೊನೆಯ ಸಾಲಿಗೂ ಕೇಳುತ್ತದೆ, ಕೊನೆಯ ಸಾಲಿನವರ ಉತ್ತರ ವೇದಿಕೆಗೆ ಕೇಳುವುದಿಲ್ಲ. ಕ್ಯಾಮೆರಾದ ಆಂಟೆನಾ ಪುಟ್ಟದು, ದನಿ ಸಣ್ಣದು, ಮತ್ತು ಈ ಜೋಡಿಯಲ್ಲಿ ಹೆಚ್ಚು ಮಾತಾಡಬೇಕಾದದ್ದು ಅದೇ.

ದುಡ್ಡು ಖರ್ಚಿಲ್ಲದ ಮೊದಲ ಪರಿಹಾರ ರೌಟರಿನ ಜಾಗ ಬದಲಿಸುವುದು. ಟಿವಿಯ ಹಿಂದೆ, ಮರದ ಕಪಾಟಿನೊಳಗೆ, ನೆಲದ ಮೇಲೆ ಇಟ್ಟ ರೌಟರನ್ನು ಎತ್ತಿ ಮನೆಯ ನಡುಭಾಗದಲ್ಲಿ ಎದೆಯೆತ್ತರದಲ್ಲಿ ಇಡಿ. ಆಮೇಲೂ ಸಾಲದಿದ್ದರೆ ಸಿಗ್ನಲ್ಲನ್ನು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್. ಅದನ್ನು ಕ್ಯಾಮೆರಾದ ಪಕ್ಕಕ್ಕೆ ಇಡುವುದು ಎಲ್ಲರೂ ಮಾಡುವ ತಪ್ಪು. ರೌಟರಿನ ಮಾತು ಅಲ್ಲಿಗೆ ತಲುಪುತ್ತಿಲ್ಲವಾದರೆ ಎಕ್ಸ್‌ಟೆಂಡರಿಗೂ ತಲುಪದು. ಅದರ ಜಾಗ ಎರಡರ ನಡುವೆ.

ತಾನಾಗಿ ಬಿದ್ದು ತಾನಾಗಿ ಎದ್ದರೆ

ವಿದ್ಯುತ್ತು ಸರಿಯಿದೆ, ಸಿಗ್ನಲ್ ಸರಿಯಿದೆ, ಆದರೂ ಕ್ಯಾಮೆರಾ ದಿನಕ್ಕೆ ಹಲವು ಸಲ ತಾನೇ ರೀಸ್ಟಾರ್ಟ್ ಆಗುತ್ತಿದೆ ಎಂದರೆ ಮೆಮೊರಿ ಕಾರ್ಡನ್ನು ಹೊರತೆಗೆದು ಎರಡು ದಿನ ನೋಡಿ. ಇಡೀ ದಿನ ಬರೆದು ಅಳಿಸಿ ಮಾಡುವ ಕೆಲಸಕ್ಕೆ ಫೋನಿಗೆಂದು ಮಾಡಿದ ಸಾಧಾರಣ ಕಾರ್ಡು ಬಹುಕಾಲ ಬಾಳುವುದಿಲ್ಲ. ಸವೆದ ಕಾರ್ಡಿನ ಮೇಲೆ ಬರೆಯಲಾಗದೆ ಸಾಫ್ಟ್‌ವೇರ್ ಗಂಟುಬಿದ್ದು ಕ್ಯಾಮೆರಾ ಮಲಗುತ್ತದೆ. ‘ಹೈ ಎಂಡ್ಯೂರೆನ್ಸ್’ ಎಂದು ಬರೆದ ಕಾರ್ಡು ಕೊಂಡು, ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ ಹಾಕಿ.

ಇನ್ನೊಂದು ಸಾಧ್ಯತೆ, ಕ್ಯಾಮೆರಾ ಬೇರೆಯವರ ಚಾಕರಿಯಲ್ಲಿರಬಹುದು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ, ಕಂಪನಿ ಕೊಟ್ಟ ಪಾಸ್‌ವರ್ಡನ್ನು ಹಾಗೇ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೌಟರುಗಳೊಳಗೆ ಹೊಕ್ಕಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ದಂಡು ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಅಮೆರಿಕದ ಬಹುಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಮಿರಾಯ್ ನೆಲೆಸುತ್ತಿದ್ದದ್ದು ತಾತ್ಕಾಲಿಕ ಮೆಮೊರಿಯಲ್ಲಿ. ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತಿತ್ತು, ಪಾಸ್‌ವರ್ಡ್ ಬದಲಿಸದಿದ್ದರೆ ನಿಮಿಷಗಳಲ್ಲಿ ಮರಳುತ್ತಿತ್ತು. ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸತು ಬಂದಾಗ ಹಾಕಿಕೊಳ್ಳಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಮಾನದಂಡಗಳನ್ನು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿ 2025ರ ಏಪ್ರಿಲ್ 9ರಿಂದ ಕಡ್ಡಾಯ ಮಾಡಿತು. ಹೊಸದಾಗಿ ಕೊಳ್ಳುವವರು ಆ ಪ್ರಮಾಣಪತ್ರದ ಬಗ್ಗೆ ಅಂಗಡಿಯಲ್ಲಿ ಕೇಳುವುದರಲ್ಲಿ ಸಂಕೋಚವೇನಿಲ್ಲ.

ತಂತಿಯೆಂಬ ಹಳೆಯ ಉಪಾಯ

ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಮತ್ತು ಅವರ ಪತಿ ಮನೆಯ ಬಾಗಿಲಿಗೆ ಕ್ಯಾಮೆರಾ, ಒಳಗೆ ಟಿವಿ ಪರದೆ ಇರುವ ಭದ್ರತಾ ವ್ಯವಸ್ಥೆಯೊಂದನ್ನು ರೂಪಿಸಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1969ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಮನೆಯ ಭದ್ರತೆಗೆ ಕ್ಯಾಮೆರಾ ಬಳಸುವ ಕಲ್ಪನೆ ಅಷ್ಟು ಹಳೆಯದು. ನಂತರದ ದಶಕಗಳಲ್ಲಿ ಬೆಳೆದ ಸಿಸಿಟಿವಿ ತಂತಿಯ ಮೇಲೆಯೇ ನಡೆಯಿತು, ಬ್ಯಾಂಕುಗಳೂ ರೈಲು ನಿಲ್ದಾಣಗಳೂ ಈಗಲೂ ಹೆಚ್ಚಾಗಿ ತಂತಿಯನ್ನೇ ನೆಚ್ಚುತ್ತವೆ. ಮನೆಯವರಿಗೆ ಗೋಡೆ ಕೊರೆಯುವುದು ಬೇಡವೆನಿಸಿದ್ದರಿಂದ ವೈ-ಫೈ ಬಂತು. ಸಂಪರ್ಕ ಕಡಿದುಹೋಗುವುದು ಆ ಅನುಕೂಲಕ್ಕೆ ನಾವು ಕೊಡುತ್ತಿರುವ ಬೆಲೆ.

ಮನೆ ಕಟ್ಟಿಸುತ್ತಿರುವವರು, ಬಣ್ಣ ಹೊಡೆಸುತ್ತಿರುವವರು ಪವರ್ ಓವರ್ ಈಥರ್ನೆಟ್ ಬಗ್ಗೆ ಯೋಚಿಸಬೇಕು. 2003ರಲ್ಲಿ ಬಂದ ಈ ಮಾನದಂಡದಲ್ಲಿ ಒಂದೇ ನೆಟ್‌ವರ್ಕ್ ಕೇಬಲ್ ಚಿತ್ರವನ್ನೂ ತರುತ್ತದೆ, ವಿದ್ಯುತ್ತನ್ನೂ ಒಯ್ಯುತ್ತದೆ. 100 ಮೀಟರ್ ದೂರದವರೆಗೆ, ಒಂದು ಕಿಂಡಿಗೆ 15.4 ವ್ಯಾಟ್‌ವರೆಗೆ. 5 ವೋಲ್ಟಿನ ಬದಲು 48ರ ಆಸುಪಾಸಿನಲ್ಲಿ ಕಳಿಸುವುದರಿಂದ ದಾರಿಯಲ್ಲಿ ಸೋರಿಕೆ ಕಡಿಮೆ. ಈ ಕೇಬಲ್ಲುಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನೂ ರೆಕಾರ್ಡರನ್ನೂ ಇನ್ವರ್ಟರಿಗೆ ಹಾಕಿದರೆ ಮನೆಯ ಎಲ್ಲ ಕ್ಯಾಮೆರಾ ಒಟ್ಟಿಗೆ ಉಳಿಯುತ್ತವೆ. ಎರಡು ಎಚ್ಚರಿಕೆ: ಕೇಬಲ್ ಪೂರ್ತಿ ತಾಮ್ರದ್ದೇ ಇರಲಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗವಾದರೂ ಅದರ ಪ್ರತಿರೋಧ ಹೆಚ್ಚು. ಸಿಡಿಲು ಜಾಸ್ತಿಯಿರುವ ಮಲೆನಾಡು, ಕರಾವಳಿಯಲ್ಲಿ ಹೊರಾಂಗಣದ ತಾಮ್ರದ ಕೇಬಲ್ಲಿಗೆ ಸರ್ಜ್ ರಕ್ಷಕವೂ ಸರಿಯಾದ ಅರ್ಥಿಂಗೂ ಬೇಕು. ತೋಟದ ಗೇಟು ನೂರು ಮೀಟರಿಗಿಂತ ಆಚೆಗಿದ್ದರೆ ಫೈಬರ್ ಎಳೆಯಿರಿ. ಗ್ಲಾಸಿನ ಎಳೆ ಸಿಡಿಲಿನ ವಿದ್ಯುತ್ತನ್ನು ಮನೆಯೊಳಗೆ ತರುವುದಿಲ್ಲ.

ಇಷ್ಟೆಲ್ಲ ಒಟ್ಟಿಗೆ ಮಾಡಬೇಕಿಲ್ಲ. ಒಂದು ವಾರ ಹಾಳೆಯೊಂದರಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು, ಕರೆಂಟ್ ಇತ್ತೇ, ಕತ್ತಲಾಗಿತ್ತೇ, ಮಳೆಯಿತ್ತೇ, ಎಲ್ಲ ಕ್ಯಾಮೆರಾ ಹೋದವೇ ಅಥವಾ ಒಂದೇ ಹೋಯಿತೇ. ಕೊನೆಯ ಪ್ರಶ್ನೆ ಮುಖ್ಯ. ಎಲ್ಲವೂ ಒಟ್ಟಿಗೆ ಹೋದರೆ ರೌಟರ್ ಅಥವಾ ಇಂಟರ್ನೆಟ್ಟನ್ನು ನೋಡಬೇಕು, ಒಂದೇ ಹೋದರೆ ಆ ಒಂದರ ವಿದ್ಯುತ್ತು, ಜಾಗ, ಕಾರ್ಡುಗಳನ್ನು. ಮನೆಗೆ ಬರುವ ಮೆಕ್ಯಾನಿಕ್‌ಗೆ ಆ ಹಾಳೆ ಕೊಟ್ಟರೆ ಅವನು ರೀಸೆಟ್ ಒತ್ತಿ ದುಡ್ಡು ಇಸಿದುಕೊಂಡು ಹೋಗುವ ಬದಲು ಕೆಲಸ ಎಲ್ಲಿ ಶುರುಮಾಡಬೇಕೆಂದು ಯೋಚಿಸುತ್ತಾನೆ.

ಜೊತೆಗೆ ಕ್ಯಾಮೆರಾದಿಂದ ನಿಮಗೆ ಬೇಕಾದ್ದೇನು ಎಂಬುದನ್ನೂ ತೀರ್ಮಾನಿಸಿಕೊಳ್ಳಿ. ಅಮ್ಮ ಬಿದ್ದರೆ ಕೂಡಲೇ ಗೊತ್ತಾಗಬೇಕು ಎನ್ನುವವರಿಗೆ ಸಂಪರ್ಕ ಒಂದು ನಿಮಿಷವೂ ಕಡಿಯಬಾರದು. ಅವರು ತಂತಿಗೂ ಬ್ಯಾಟರಿಗೂ ಖರ್ಚು ಮಾಡಬೇಕು. ಕಳ್ಳತನವಾದರೆ ಪೊಲೀಸರಿಗೆ ತೋರಿಸಲು ಸಾಕ್ಷಿ ಬೇಕು ಎನ್ನುವವರಿಗೆ ಸಂಪರ್ಕಕ್ಕಿಂತ ದಾಖಲೆ ಮುಖ್ಯ. ಕಾರ್ಡಿನಲ್ಲೋ ಒಳಕೋಣೆಯ ರೆಕಾರ್ಡರಿನಲ್ಲೋ ಚಿತ್ರ ದಾಖಲಾಗುತ್ತಿದ್ದರೆ ನಡುವೆ ಹತ್ತು ನಿಮಿಷ ಆ್ಯಪಿನಲ್ಲಿ ಕಾಣದಿದ್ದರೂ ನಷ್ಟವಿಲ್ಲ. ನಷ್ಟವಾಗುವುದು, ಲೈವ್ ಚೆನ್ನಾಗಿ ಬರುತ್ತಿದೆಯೆಂದು ನಂಬಿ, ಕಾರ್ಡು ತಿಂಗಳ ಹಿಂದೆಯೇ ಸತ್ತದ್ದನ್ನು ಕಳ್ಳ ಬಂದುಹೋದ ಮೇಲೆ ತಿಳಿದಾಗ. ಅದಕ್ಕೆ, ವಾರಕ್ಕೊಮ್ಮೆ ಆ್ಯಪ್ ತೆರೆದಾಗ ಇವತ್ತಿನ ಚಿತ್ರವನ್ನಷ್ಟೇ ನೋಡಬೇಡಿ. ನಿನ್ನೆ ರಾತ್ರಿ ಎರಡು ಗಂಟೆಯದನ್ನು ತೆಗೆದು ಓಡಿಸಿ ನೋಡಿ.